ಟಾಲೆಂಡ್‌ನಲ್ಲಿ ಹೊರಗಿನ ಜಾರ್: ಸ್ಟುಡಿಯೋದಲ್ಲಿ ಓಡುತ್ತೆ, ಸರ್ವರ್‌ನಲ್ಲಿ ಕ್ಲಾಸ್ ಸಿಗ್ತಿಲ್ಲ

ಹೇಮಾವತಿ_ತೀರ · ಸೋಮವಾರ, ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ಒಂದು ಗ್ರಂಥಾಲಯದ ಪುಸ್ತಕ ಸೂಚಿಯನ್ನ ಹಳೇ ಡೇಟಾಬೇಸ್‌ನಿಂದ ಹೊಸದಕ್ಕೆ ಸಾಗಿಸೋ ಕೆಲಸ ನಡೀತಿದೆ. ಬಳಸ್ತಿರೋದು ಡೇಟಾ ಸಾಗಿಸೋ ಜಾಬ್ ಕಟ್ಟೋ ಟೂಲ್ ಟಾಲೆಂಡ್ ಓಪನ್ ಸ್ಟುಡಿಯೋ 7.3, ಜಾವಾ 8, ಸರ್ವರ್ ಲಿನಕ್ಸ್. ಪುಸ್ತಕದ ಹೆಸರು, ಲೇಖಕರ ಹೆಸರು ಎಲ್ಲಾ ಕನ್ನಡದಲ್ಲಿವೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕೋರಿಗೂ ಪುಸ್ತಕ ಸಿಗಬೇಕು ಅಂತ ಪ್ರತಿ ಹೆಸರಿಗೂ ರೋಮನ್ ಲಿಪಿಯ ಒಂದು ಕಾಲಂ ತುಂಬಿಸ್ಬೇಕು. ಅದಕ್ಕೆ ಲಿಪಿ ಬದಲಿಸೋ ಕೆಲಸ ಮಾಡೋ ಐಸಿಯು4ಜೆ ಲೈಬ್ರರಿಯ ಟ್ರಾನ್ಸ್‌ಲಿಟರೇಟರ್ ಕ್ಲಾಸ್ ಬಳಸ್ತಿದ್ದೀನಿ.

ಜಾಬ್‌ನಲ್ಲಿ ಟಿಲೈಬ್ರರಿಲೋಡ್ (ಹೊರಗಿನ ಲೈಬ್ರರಿ ತರೋ ಕಾಂಪೊನೆಂಟ್) ಹಾಕಿ ಜಾರ್ (ಜಾವಾ ಕ್ಲಾಸ್‌ಗಳನ್ನ ಕಟ್ಟಿಟ್ಟ ಫೈಲ್) ಕೊಟ್ಟಿದ್ದೀನಿ, ಟಿಜಾವಾರೋ (ನಮ್ಮ ಜಾವಾ ಕೋಡ್ ಬರೆಯೋ ಕಾಂಪೊನೆಂಟ್) ಒಳಗೆ ಕ್ಲಾಸ್ ಕರೆದಿದ್ದೀನಿ. ಸ್ಟುಡಿಯೋದಲ್ಲಿ ರನ್ ಮಾಡಿದ್ರೆ ಅಚ್ಚುಕಟ್ಟಾಗಿ ಓಡುತ್ತೆ. ಬಿಲ್ಡ್ ಮಾಡಿ ಸರ್ವರ್‌ಗೆ ಕಳಿಸಿದ್ರೆ ಮೊದಲನೇ ಸಾಲಿಗೇ "ನೋ ಕ್ಲಾಸ್ ಡೆಫ್ ಫೌಂಡ್ ಎರರ್", ಮುಂದೆ ಟ್ರಾನ್ಸ್‌ಲಿಟರೇಟರ್ ಹೆಸರು.

ಎರಡು ಪ್ರಶ್ನೆ. ಒಂದು, ಟಿಲೈಬ್ರರಿಲೋಡ್ ಮೊದಲ ಸಬ್‌ಜಾಬ್ ಆಗಿದ್ದು ಅಲ್ಲಿಂದ "ಆನ್ ಸಬ್‌ಜಾಬ್ ಓಕೆ" (ಇದು ಮುಗಿದ ಮೇಲೇ ಮುಂದಿನದು ಓಡಲಿ ಅನ್ನೋ) ಕೊಂಡಿ ಇರಲೇಬೇಕಾ? ನಂದು ಈಗ ಕೊಂಡಿ ಇಲ್ಲದೆ ಪಕ್ಕದಲ್ಲಿ ಕೂತಿದೆ. ಎರಡು, ಇದನ್ನೇ ರೂಟೀನ್ (ಹಲವು ಜಾಬ್‌ಗಳಿಂದ ಕರೆಯಬಹುದಾದ ಜಾವಾ ಕೋಡ್) ಮಾಡಿದ್ರೆ ವಾಸಿನಾ?

ಬೈಟ್_ಬಸವಣ್ಣ · 10:52

ಕೊಂಡಿ ಇಲ್ಲ ಅಂದ್ರಲ್ಲ, ಅದೇ ಕಾರಣ. ಟಿಲೈಬ್ರರಿಲೋಡ್ ಮೊದಲು ಓಡಬೇಕು, ಆಮೇಲೆ ಉಳಿದಿದ್ದು. ಟಾಲೆಂಡ್‌ನವರ ಉದಾಹರಣೆಯಲ್ಲೂ ಹಾಗೇ ಜೋಡಿಸಿದ್ದಾರೆ ನೋಡಿ.

ಕುಡ್ಲದ_ಕೋಡ್ · 11:05

ಅದು ಹಾಗಲ್ಲ ಮಾರಾಯ್ರೆ. ಕೊಂಡಿ ಇಲ್ಲದ್ದೇ ಕಾರಣ ಆಗಿದ್ರೆ ಸ್ಟುಡಿಯೋದಲ್ಲೂ ಬೀಳಬೇಕಿತ್ತಲ್ಲ? ಟಾಲೆಂಡ್ ನಿಮ್ಮ ಜಾಬನ್ನು ಜಾವಾ ಕೋಡ್ ಮಾಡಿ ಕಂಪೈಲ್ ಮಾಡುವುದು. ಟಿಲೈಬ್ರರಿಲೋಡ್ ಕಂಡ ಕೂಡಲೇ "ಈ ಜಾಬಿಗೆ ಈ ಜಾರ್ ಬೇಕು" ಅಂತ ಬರೆದಿಟ್ಟುಕೊಳ್ತದೆ. ಓಡಿಸುವಾಗ ಜಾವಾ ಶುರುವಾಗುವ ಮೊದಲೇ ಆ ಜಾರ್ ಕ್ಲಾಸ್‌ಪಾತ್‌ನಲ್ಲಿ (ಜಾವಾ ಕ್ಲಾಸ್ ಹುಡುಕುವ ಜಾಗಗಳ ಪಟ್ಟಿ) ಇರ್ತದೆ. ಕಾಂಪೊನೆಂಟ್ ಎಲ್ಲಿ ಕೂತಿದೆ, ಯಾವಾಗ ಓಡ್ತದೆ ಎನ್ನುವುದಕ್ಕೂ ಜಾರ್ ಸಿಗುವುದಕ್ಕೂ ಸಂಬಂಧ ಇಲ್ಲ.

ಕೊಂಡಿ ಬೇಕಾಗುವುದು ಒಂದೇ ಕಡೆ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ "ಡೈನಮಿಕ್ ಲಿಬ್ಸ್" ಅಂತ ಒಂದು ಪಟ್ಟಿ ಉಂಟು. ಡಿಎಲ್‌ಎಲ್, ಎಸ್‌ಒ ತರದ ನೇಟಿವ್ ಫೈಲು (ಜಾವಾದ್ದಲ್ಲದ, ಆಪರೇಟಿಂಗ್ ಸಿಸ್ಟಮಿನ ಲೈಬ್ರರಿ) ಇರುವ ಜಾಗ ಅಲ್ಲಿ ಕೊಡುವುದು. ಆ ದಾರಿ ಜೋಡಣೆಯಾಗುವುದು ಕಾಂಪೊನೆಂಟ್ ಓಡಿದಾಗ. ಹಾಗಾಗಿ ಆಗ ಮಾತ್ರ ಅದು ಮುಂದೆ ಇರಬೇಕು.

ಧಾರವಾಡದಾಂವ · 11:09

ರೀ, ಮೊದಲ ಒಂದು ಮಾತು ಹೇಳ್ರಿ. ಸರ್ವರ್ ಮ್ಯಾಲೆ ಝಿಪ್ ಪೂರಾ ಬಿಚ್ಚೀರೋ, ಬರೇ ಜಾಬಿನ ಜಾರ್ ಒಂದ ಒಯ್ದು ಇಟ್ಟೀರೋ?

ಬೈಟ್_ಬಸವಣ್ಣ · 11:15

@ಕುಡ್ಲದ_ಕೋಡ್ ಒಪ್ಪಿದೆ. ಆದ್ರೂ ಕೊಂಡಿ ಹಾಕಿಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಮುಂದೆ ಜಾಬ್ ತೆಗೆದು ನೋಡೋರಿಗೆ ಇದು ಹೊರಗಿನ ಲೈಬ್ರರಿ ಬೇಡುತ್ತೆ ಅಂತ ಮೊದಲ ನೋಟಕ್ಕೇ ಗೊತ್ತಾಗುತ್ತೆ.

ಹೇಮಾವತಿ_ತೀರ · 11:31

@ಧಾರವಾಡದಾಂವ ಸರ್, ಸರ್ವರ್ ನೋಡಿಕೊಳ್ಳೋ ತಂಡ ಬೇರೆ. ನಾನು ಝಿಪ್ ಕೊಡ್ತೀನಿ, ಅವರ ಸ್ಕ್ರಿಪ್ಟ್ ಅದನ್ನ ಅಲ್ಲಿ ಇಡುತ್ತೆ. ಒಳಗೆ ಏನು ಮಾಡುತ್ತೆ ಅಂತ ಕೇಳಿ ಹೇಳ್ತೀನಿ.

ಧಾರವಾಡದಾಂವ · 11:48

ಕೇಳ್ರಿ, ಅಲ್ಲೇ ಐತಿ ಗಂಟು. ಬಿಲ್ಡ್ ಝಿಪ್ ಬಿಚ್ಚಿದರ ಎರಡು ಫೋಲ್ಡರ್ ಸಿಗ್ತಾವ. ಒಂದು ಜಾಬಿನ ಹೆಸರಿನ ಫೋಲ್ಡರು. ಅದರಾಗ ಜಾಬಿನ ಜಾರ್ ಮತ್ತ ರನ್ ಅಂತ ಕೊನಿ ಇರೋ ಶೆಲ್ ಫೈಲು, ಬ್ಯಾಟ್ ಫೈಲು ಇರ್ತಾವ. ಇನ್ನೊಂದು ಲಿಬ್ ಫೋಲ್ಡರು, ಅದರಾಗ ರೂಟೀನ್ಸ್ ಜಾರ್ ಮತ್ತ ಉಳಿದ ಎಲ್ಲಾ ಲೈಬ್ರರಿ. ಶೆಲ್ ಫೈಲ್ ತಗದು ನೋಡ್ರಿ, ಜಾವಾ ಅನ್ನೋ ಸಾಲಿನಾಗ ಸಿಪಿ (ಕ್ಲಾಸ್‌ಪಾತ್) ಆದ ಮ್ಯಾಲೆ ಒಂದೊಂದ ಜಾರಿನ ಹೆಸರು ಕೋಲನ್ ಹಾಕಿ ಉದ್ದಕ್ಕ ಬರದಿರ್ತಾರ. ನಿಮ್ಮ ಐಸಿಯು ಹೆಸರು ಆ ಸಾಲಿನಾಗ ಇರಬೇಕು, ಫೈಲು ಲಿಬ್‌ನಾಗ ಇರಬೇಕು. ಎರಡರಾಗ ಒಂದು ಇಲ್ಲಂದ್ರೂ ಇದ ಎರರ್ ಬರ್ತೈತಿ.

ಹಳೇ ಜಾಬಿನ ಮ್ಯಾಲೆ ಹೊಸಾ ಜಾರ್ ಒಂದ ಕಾಪಿ ಮಾಡೋ ಪದ್ಧತಿ ಭಾಳ ಕಡೆ ಐತಿ. ಕೋಡ್ ಅಷ್ಟ ಬದಲಾದಾಗ ನಡೀತೈತಿ. ಹೊಸಾ ಲೈಬ್ರರಿ ಸೇರಿದ ದಿನ ಬೀಳ್ತೈತಿ.

ಜಾವಾ_ಜಯನಗರ · 12:10

ಎರರ್ ಹೆಸರನ್ನ ಸರಿಯಾಗಿ ಓದಿದ್ರೆ ಅರ್ಧ ಕೆಲಸ ಮುಗೀತು, ಅದಕ್ಕೇ ಇದನ್ನ ಬಿಡಿಸಿ ಬರೀತೀನಿ.

"ಕ್ಲಾಸ್ ನಾಟ್ ಫೌಂಡ್ ಎಕ್ಸೆಪ್ಷನ್" ಬಂದ್ರೆ ಕೋಡ್ ಯಾವುದೋ ಕ್ಲಾಸನ್ನ ಹೆಸರು ಹಿಡಿದು ಕರೆದಿದೆ, ಅದು ಸಿಕ್ಕಿಲ್ಲ. ಜೆಡಿಬಿಸಿ ಡ್ರೈವರ್ (ಜಾವಾವನ್ನ ಡೇಟಾಬೇಸ್‌ಗೆ ಜೋಡಿಸೋ ಜಾರ್) ವಿಷಯದಲ್ಲಿ ಹೆಚ್ಚಾಗಿ ಕಾಣೋದು ಇದು. "ನೋ ಕ್ಲಾಸ್ ಡೆಫ್ ಫೌಂಡ್" ಅಂದ್ರೆ ಕಂಪೈಲ್ ಮಾಡುವಾಗ ಇತ್ತು, ಓಡುವಾಗ ಇಲ್ಲ. ಇದರಲ್ಲೇ ಒಂದು ಒಳಸುಳಿ ಇದೆ: ಮೆಸೇಜ್‌ನಲ್ಲಿ "ಕುಡ್ ನಾಟ್ ಇನಿಶಿಯಲೈಸ್ ಕ್ಲಾಸ್" ಅಂತಿದ್ರೆ ಕ್ಲಾಸ್ ಸಿಕ್ಕಿದೆ, ಆದರೆ ಅದರ ಸ್ಟ್ಯಾಟಿಕ್ ಭಾಗ ಮೊದಲ ಸಲವೇ ಬಿದ್ದಿದೆ. ಆಗ ಜಾರ್ ಹುಡುಕಿ ಪ್ರಯೋಜನ ಇಲ್ಲ, ಲಾಗ್‌ನಲ್ಲಿ ಮೇಲಕ್ಕೆ ಹೋಗಿ ಮೊದಲನೇ ಎರರ್ ನೋಡಬೇಕು. "ನೋ ಸಚ್ ಮೆಥಡ್ ಎರರ್" ಬಂದ್ರೆ ಕ್ಲಾಸ್ ಇದೆ, ಆದರೆ ಬೇರೆ ಆವೃತ್ತಿಯದ್ದು. ಹೆಚ್ಚಾಗಿ ಎರಡು ಜಾರ್ ಒಳಗೆ ಒಂದೇ ಹೆಸರಿನ ಕ್ಲಾಸ್ ಕೂತಿರುತ್ತೆ.

"ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್" ಬಂದ್ರೆ ಸಂಖ್ಯೆ ನೋಡಿ. 52 ಅಂದ್ರೆ ಜಾವಾ 8, 55 ಅಂದ್ರೆ 11, 61 ಅಂದ್ರೆ 17. ಜಾವಾ 8 ಸರ್ವರ್ ಮೇಲೆ 55 ಅಥವಾ 61ರ ಜಾರ್ ಇಟ್ರೆ ಅದು ಹತ್ತೋದೇ ಇಲ್ಲ.

ಸಹ್ಯಾದ್ರಿ_ಸ್ಕ್ರಿಪ್ಟ್ · 12:22

ಆ ಉದ್ದದ ಕ್ಲಾಸ್‌ಪಾತ್ ಸಾಲಿಗೆ ಯಾಕೆ ತಲೆ ಕೆಡಿಸ್ಕೋತೀರಿ? ಲಿಬ್ ಸ್ಲ್ಯಾಶ್ ನಕ್ಷತ್ರ ಅಂತ ಬರೆದುಬಿಡಿ. ಜಾವಾ 6ರಿಂದ ವೈಲ್ಡ್‌ಕಾರ್ಡ್ ನಡೆಯುತ್ತೆ. ಯಾವ ಜಾರ್ ಬಂದು ಕೂತ್ರೂ ತಾನಾಗೇ ಸೇರುತ್ತೆ.

ಜಾವಾ_ಜಯನಗರ · 12:29

ನಡೆಯುತ್ತೆ. ಆದರೆ ವೈಲ್ಡ್‌ಕಾರ್ಡ್ ಬಿಡಿಸುವಾಗ ಜಾರ್‌ಗಳು ಯಾವ ಕ್ರಮದಲ್ಲಿ ಬರ್ತವೆ ಅಂತ ಜಾವಾ ಭರವಸೆ ಕೊಡಲ್ಲ. ಒಂದೇ ಕ್ಲಾಸ್ ಎರಡು ಜಾರ್‌ನಲ್ಲಿದ್ರೆ ಮೊದಲು ಸಿಕ್ಕಿದ್ದೇ ಗೆಲ್ಲುತ್ತೆ. ಟೆಸ್ಟ್ ಸರ್ವರ್‌ನಲ್ಲಿ ಒಂದು ಗೆದ್ದು, ಪ್ರೊಡಕ್ಷನ್‌ನಲ್ಲಿ ಇನ್ನೊಂದು ಗೆದ್ರೆ ಹುಡುಕೋದು ಎಲ್ಲಿಂದ? ಪಟ್ಟಿ ಉದ್ದ ಇದ್ರೂ ಪರವಾಗಿಲ್ಲ, ಟಾಲೆಂಡ್ ಬರೆದುಕೊಟ್ಟ ಕ್ರಮವನ್ನೇ ಇಟ್ಕೊಳ್ಳಿ.

ಸಹ್ಯಾದ್ರಿ_ಸ್ಕ್ರಿಪ್ಟ್ · 12:33

ಲಿಬ್‌ನಲ್ಲಿ ಒಂದು ಲೈಬ್ರರಿಗೆ ಒಂದೇ ಆವೃತ್ತಿ ಇಡೋ ಶಿಸ್ತು ಇದ್ರೆ ಈ ಪ್ರಶ್ನೆನೇ ಬರಲ್ಲ.

ಜಾವಾ_ಜಯನಗರ · 12:36

ಶಿಸ್ತು ನಿಮ್ಮ ಕೈಯಲ್ಲಿಲ್ಲ ಸ್ವಾಮಿ. ಟಿರನ್‌ಜಾಬ್ ಮೂಲಕ ಐದಾರು ಮರಿ ಜಾಬ್ ಕರೆದ್ರೆ ಎಲ್ಲದರ ಜಾರೂ ತಾಯಿ ಜಾಬಿನ ಒಂದೇ ಕ್ಲಾಸ್‌ಪಾತ್‌ಗೆ ಬಂದು ಬೀಳ್ತವೆ. ಒಬ್ಬರು ಎಕ್ಸೆಲ್ ಓದೋ ಕಾಂಪೊನೆಂಟ್ ಹಾಕಿರ್ತಾರೆ, ಅದರ ಜೊತೆ ಅಪಾಚೆ ಪಿಒಐ ಅನ್ನೋ ಎಕ್ಸೆಲ್ ಲೈಬ್ರರಿ ಬರುತ್ತೆ. ಇನ್ನೊಬ್ಬರು ತಮಗೆ ಬೇಕಾದ ಹೊಸ ಪಿಒಐಯನ್ನ ಟಿಲೈಬ್ರರಿಲೋಡ್‌ನಿಂದ ತಂದಿರ್ತಾರೆ. ಇಬ್ಬರ ಜಾಬೂ ಬೇರೆಬೇರೆಯಾಗಿ ಚೆನ್ನಾಗೇ ಓಡುತ್ತೆ. ಒಟ್ಟಿಗೆ ಓಡಿಸಿದ ರಾತ್ರಿ ನೋ ಸಚ್ ಮೆಥಡ್.

ಕುಡ್ಲದ_ಕೋಡ್ · 12:50

ಪಿಒಐ ಹೇಳಿದಿರಿ ಅಂತ ಒಂದು ಮಾತು. ಎಕ್ಸ್‌ಎಲ್‌ಎಸ್‌ಎಕ್ಸ್ ಓದಲಿಕ್ಕೆ ಪಿಒಐ ಜಾರ್ ಒಂದೇ ತಂದು ಹಾಕಿ "ಸಿಗ್ತಾ ಇಲ್ಲ" ಅನ್ನುವವರು ತುಂಬಾ ಜನ ಉಂಟು. ಅದಕ್ಕೆ ಪಿಒಐ ಒಒಎಕ್ಸ್‌ಎಂಎಲ್ ಬೇಕು, ಅದಕ್ಕೆ ಎಕ್ಸ್‌ಎಂಎಲ್‌ಬೀನ್ಸ್ ಬೇಕು, ಕಾಮನ್ಸ್ ಕಂಪ್ರೆಸ್ ಬೇಕು, ಕಾಮನ್ಸ್ ಕಲೆಕ್ಷನ್ಸ್ 4 ಬೇಕು. ಟಿಲೈಬ್ರರಿಲೋಡ್ ನೀವು ಕೊಟ್ಟ ಒಂದು ಜಾರ್ ಮಾತ್ರ ತರ್ತದೆ, ಅದರ ಬಳಗವನ್ನು ಕರ್ಕೊಂಡು ಬರುವುದಿಲ್ಲ. ಬೇಕಾದ ಜಾರ್ ತಾನೇ ತಂದು ಬಿಲ್ಡ್ ಮಾಡುವ ಟೂಲ್ ಮೇವನ್‌ನಲ್ಲಿ ಒಂದು ಖಾಲಿ ಪ್ರಾಜೆಕ್ಟ್ ಮಾಡಿ ಡಿಪೆಂಡೆನ್ಸಿ ಟ್ರೀ ತೆಗೆದು ನೋಡಿದ್ರೆ ಯಾವುದೆಲ್ಲ ಬೇಕು ಅಂತ ಗೊತ್ತಾಗ್ತದೆ. ಐಸಿಯು4ಜೆಯ ಸುಖ ಏನೆಂದ್ರೆ ಅದಕ್ಕೆ ಬೇರೆ ಯಾವ ಜಾರಿನ ಹಂಗೂ ಇಲ್ಲ, ಒಂದೇ ಫೈಲು. ದೊಡ್ಡದು, 10 ಎಂಬಿಗೂ ಮೇಲೆ, ಯಾಕಂದ್ರೆ ಭಾಷೆಗಳ ಡೇಟಾ ಎಲ್ಲ ಅದರೊಳಗೇ ಉಂಟು.

ಹೇಮಾವತಿ_ತೀರ · ಮಧ್ಯಾಹ್ನ 2:15

ತಂಡದವರನ್ನ ಕೇಳಿದೆ. ಧಾರವಾಡದವರು ಹೇಳಿದ್ದೇ ಸರಿ. ಅವರ ಸ್ಕ್ರಿಪ್ಟ್ ಝಿಪ್ ಬಿಚ್ಚಿ ಜಾಬಿನ ಜಾರ್ ಒಂದನ್ನೇ ಬದಲಾಯಿಸ್ತಿತ್ತು. ಶೆಲ್ ಫೈಲು ಅವರದೇ, ಮೊದಲ ಬಿಲ್ಡ್‌ನಿಂದ ಎತ್ತಿ ಮೆಮೊರಿ ಸೆಟ್ಟಿಂಗ್ ತಿದ್ದಿ ಇಟ್ಕೊಂಡಿದ್ದು. ಲಿಬ್ ಮುಟ್ಟೇ ಇಲ್ಲ. ಮೆಮೊರಿ ಬದಲಾವಣೆಯನ್ನ ನಾನು ಸ್ಟುಡಿಯೋದ ರನ್ ಟ್ಯಾಬಿನ ಜೆವಿಎಂ ಆರ್ಗ್ಯುಮೆಂಟ್‌ನಲ್ಲೇ (ಜಾವಾ ಶುರುವಾಗುವಾಗ ಕೊಡೋ ಸೆಟ್ಟಿಂಗ್) ಹಾಕಿಕೊಡ್ತೀನಿ, ನೀವು ಇಡೀ ಫೋಲ್ಡರ್ ಬದಲಾಯಿಸಿ ಅಂತ ಮಾತಾಡಿ ಒಪ್ಪಿಸಿದೆ. ಈಗ ಕ್ಲಾಸ್ ಸಿಗ್ತಿದೆ!

ಆದರೆ ಹೊಸ ತೊಂದರೆ. ಕೈಯಿಂದ ಓಡಿಸಿದ್ರೆ ಸರಿ. ರಾತ್ರಿ ಪಾಳಿಗೆ ಬಿಡೋ ಮೊದಲು ಕ್ರಾನ್ (ಗೊತ್ತಾದ ಹೊತ್ತಿಗೆ ಕೆಲಸ ತಾನೇ ಓಡಿಸೋ ಲಿನಕ್ಸ್ ಸೌಲಭ್ಯ) ಮೂಲಕ ಒಂದು ಸಲ ಓಡಿಸಿ ನೋಡಿದ್ವಿ, ಕನ್ನಡ ಇರಬೇಕಾದ ಕಡೆ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ. ಇದೂ ಜಾರ್ ವಿಷಯನಾ?

ಬೈಟ್_ಬಸವಣ್ಣ · 2:21

ಇದು ಲೊಕೇಲ್ (ಸಿಸ್ಟಮ್‌ನ ಭಾಷೆ, ಅಕ್ಷರದ ಸೆಟ್ಟಿಂಗ್) ವಿಷಯ. ಕ್ರಾನ್ ಓಡುವಾಗ ನಿಮ್ಮ ಲಾಗಿನ್‌ನ ಲ್ಯಾಂಗ್ ಸೆಟ್ಟಿಂಗ್ ಇರಲ್ಲ. ಜಾವಾ 8 ಆಗ ಸುಮ್ಮನೆ ಆಸ್ಕಿ (ಬರೀ ಇಂಗ್ಲಿಷ್ ಅಕ್ಷರದ ಸಂಕೇತ) ಅಂದ್ಕೊಳ್ಳುತ್ತೆ. ಜೆವಿಎಂ ಆರ್ಗ್ಯುಮೆಂಟ್‌ನಲ್ಲಿ ಫೈಲ್ ಎನ್‌ಕೋಡಿಂಗ್ ಯುಟಿಎಫ್-8 ಅಂತ ಸೇರಿಸಿ.

ಜಾವಾ_ಜಯನಗರ · 2:30

ಅದರ ಜೊತೆಗೆ ಫೈಲ್ ಓದೋ, ಬರೆಯೋ ಪ್ರತಿ ಕಾಂಪೊನೆಂಟ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲೂ ಎನ್‌ಕೋಡಿಂಗ್ ಯುಟಿಎಫ್-8 ಇದೆಯಾ ನೋಡಿ. ಜಾವಾ 18ರಿಂದ ಡೀಫಾಲ್ಟೇ ಯುಟಿಎಫ್-8 ಆಗಿದೆ, ಅದಕ್ಕಿಂತ ಹಳೆಯದ್ದರಲ್ಲಿ ನಾವೇ ಹೇಳಬೇಕು.

ಹೇಮಾವತಿ_ತೀರ · 3:02

ಆಯ್ತು, ಕನ್ನಡ ಬಂತು. ಇಬ್ಬರಿಗೂ ಧನ್ಯವಾದ. ರೂಟೀನ್ ಪ್ರಶ್ನೆ ಹಾಗೇ ಉಳಿದಿದೆ. ಇನ್ನೊಂದು ಏನಂದ್ರೆ ಓಟ ತುಂಬಾ ನಿಧಾನ. ಬರೀ ಹೆಸರು ಬದಲಾಯಿಸೋಕೆ ಇಷ್ಟು ಹೊತ್ತು ಬೇಕಾ ಅನ್ನಿಸ್ತಿದೆ.

ತುಂಗಾ_ತಂತ್ರ · 3:40

ಮೇಡಂ, ಟಿಜಾವಾರೋ ಒಳಗೆ ಗೆಟ್ ಇನ್‌ಸ್ಟೆನ್ಸ್ ಕರೀತಿದ್ದೀರಾ? ಟಿಜಾವಾರೋದಲ್ಲಿ ಬರೆದದ್ದು ಪ್ರತಿ ಸಾಲಿಗೂ ಓಡುತ್ತೆ. ಅಂದ್ರೆ ಪ್ರತಿ ಪುಸ್ತಕಕ್ಕೂ ಟ್ರಾನ್ಸ್‌ಲಿಟರೇಟರ್ ಆಬ್ಜೆಕ್ಟ್ ಹೊಸದಾಗಿ ಕಟ್ಟಿಸ್ತಿದ್ದೀರಿ. ಟಿಜಾವಾಫ್ಲೆಕ್ಸ್ ತಗೊಳ್ಳಿ. ಅದರಲ್ಲಿ ಸ್ಟಾರ್ಟ್, ಮೇನ್, ಎಂಡ್ ಅಂತ ಮೂರು ಭಾಗ. ಸ್ಟಾರ್ಟ್‌ನಲ್ಲಿ ಒಂದು ಸಲ ಕಟ್ಟಿ, ಮೇನ್‌ನಲ್ಲಿ ಬಳಸಿ.

ಟ್ರಾನ್ಸ್‌ಲಿಟರೇಟರ್‌ಗೆ ಐಡಿ ಕೊಡುವಾಗ "ಕನ್ನಡ-ಲ್ಯಾಟಿನ್" ಅಂತ ಮಾತ್ರ ಕೊಟ್ರೆ ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕೆ ಇರೋ ರೂಪ ಬರುತ್ತೆ. ಜನ ಅದನ್ನ ಟೈಪ್ ಮಾಡಿ ಹುಡುಕಲ್ಲ. ಅದರ ನಂತರ ಸೆಮಿಕೋಲನ್ ಹಾಕಿ "ಲ್ಯಾಟಿನ್-ಆಸ್ಕಿ" ಸೇರಿಸಿ, ಗೆರೆ ಚುಕ್ಕೆ ಎಲ್ಲ ಹೋಗುತ್ತೆ. ನನ್ನ ಸಲಹೆ ಕೇಳಿದ್ರೆ ಎರಡು ಕಾಲಂ ಇಡಿ. ಗೆರೆ ಚುಕ್ಕೆ ಇರೋದು ಸೂಚಿಗೆ, ಇಲ್ಲದ್ದು ಹುಡುಕಾಟಕ್ಕೆ. ಗೆರೆ ಚುಕ್ಕೆ ತೆಗೆದ ಮೇಲೆ ಕಲೆಯ "ಲ"ವೂ ಕಳೆಯ "ಳ"ವೂ ಒಂದೇ ಆಗಿಬಿಡುತ್ತೆ, ಆಮೇಲೆ ಹಿಂದಕ್ಕೆ ತರೋಕೆ ಆಗಲ್ಲ.

ರೂಟೀನ್ ವಿಷಯ: ಒಂದೇ ಜಾಬ್ ಆದ್ರೆ ಟಿಲೈಬ್ರರಿಲೋಡ್ ಸಾಕು. ನಾಲ್ಕಾರು ಜಾಬ್‌ನಲ್ಲಿ ಬೇಕಾದ್ರೆ ರೂಟೀನ್ ಮಾಡಿ. ಆದರೆ ರೂಟೀನ್ ಒಳಗೆ ಐಸಿಯು ಇಂಪೋರ್ಟ್ ಮಾಡಿ, ಜಾರ್ ಮಾತ್ರ ಜಾಬಿನ ಟಿಲೈಬ್ರರಿಲೋಡ್‌ನಲ್ಲಿ ಕೊಟ್ರೆ ಸಾಲದು. ರೂಟೀನ್ ಇಡೀ ಪ್ರಾಜೆಕ್ಟಿಗೆ ಸೇರಿದ್ದು. ರೆಪೊಸಿಟರಿಯಲ್ಲಿ ರೂಟೀನ್ ಮೇಲೆ ರೈಟ್ ಕ್ಲಿಕ್ ಮಾಡಿ "ಎಡಿಟ್ ರೂಟೀನ್ ಲೈಬ್ರರೀಸ್" ಅಂತ ಇದೆ, ಅಲ್ಲಿ ಜಾರ್ ಕೊಡಬೇಕು. ಆಗ ಆ ರೂಟೀನ್ ಬಳಸೋ ಜಾಬ್ ಬಿಲ್ಡ್ ಆದಾಗ ಜಾರ್ ಜೊತೆಗೆ ಬರುತ್ತೆ.

ಹಳೇ_ನುಡಿ · ಸಂಜೆ 4:12

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಿಮ್ಮ ಹಳೇ ಡೇಟಾಬೇಸ್‌ನಲ್ಲಿರೋದು ನಿಜವಾಗ್ಲೂ ಯೂನಿಕೋಡ್ ತಾನೆ? ಗ್ರಂಥಾಲಯಗಳ ಹಳೇ ದಾಖಲೆ ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿರೋದು ಸಾಮಾನ್ಯ. ಪರದೆ ಮೇಲೆ ಕನ್ನಡ, ಒಳಗೆ ಲ್ಯಾಟಿನ್ ಕೋಡ್. ಅದಕ್ಕೆ ಐಸಿಯು ಏನೂ ಮಾಡಲ್ಲ, ಅದಕ್ಕದು ಕನ್ನಡ ಅಂತಲೇ ಗೊತ್ತಾಗಲ್ಲ. ಮೊದಲು ಯೂನಿಕೋಡ್‌ಗೆ ತರಬೇಕು, ಅದು ಬರೀ ಅಕ್ಷರಕ್ಕೆ ಅಕ್ಷರ ಬದಲಿಸೋ ಪಟ್ಟಿ ಅಲ್ಲ. ಅರ್ಕಾವೊತ್ತು ನೋಡಿ, ಹಳೇ ಫಾಂಟ್‌ನಲ್ಲಿ ಕಣ್ಣಿಗೆ ಕಾಣೋ ಹಾಗೆ ವ್ಯಂಜನದ ನಂತರ ಇರುತ್ತೆ. ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. "ಸೂರ್ಯ" ಅನ್ನೋ ಪದವನ್ನ ಎರಡೂ ಕಡೆ ಬರೆದು ಪರೀಕ್ಷೆ ಮಾಡಿ.

ಹೇಮಾವತಿ_ತೀರ · 4:20

ಹೆಚ್ಚಿನದು ಯೂನಿಕೋಡೇ. ಒಂದಷ್ಟು ಹಳೇ ಸಾಲು ನುಡಿಯಲ್ಲಿವೆ, ಅದನ್ನ ಬೇರೆ ಮಾಡಿ ಇಟ್ಟಿದ್ದೀವಿ. ಸೂರ್ಯದ ಪರೀಕ್ಷೆ ಖಂಡಿತ ಮಾಡ್ತೀನಿ.

ತುಂಗಾ_ತಂತ್ರ · 4:35

ಯೂನಿಕೋಡ್ ಆಗಿದ್ರೂ ಕಾದಿರೋ ಸಮಸ್ಯೆ ಇನ್ನೊಂದಿದೆ. "ಕೊ" ಅನ್ನೋದನ್ನ ಎರಡು ತರ ಶೇಖರಿಸಬಹುದು. ಒಕಾರದ ಒಂದೇ ಚಿಹ್ನೆಯಾಗಿ, ಇಲ್ಲಾ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎರಡನ್ನೂ ಸೇರಿಸಿ. ನೋಡೋಕೆ ಒಂದೇ, ಟಿಮ್ಯಾಪ್‌ನಲ್ಲಿ (ಎರಡು ಪಟ್ಟಿ ಹೊಂದಿಸೋ ಕಾಂಪೊನೆಂಟ್) ಜಾಯಿನ್ ಮಾಡಿದ್ರೆ ಸೇರಲ್ಲ. ಲೇಖಕರ ಹೆಸರು ಎರಡೆರಡು ಸಲ ಬರೋದು ಹೀಗೆ. ಓದಿದ ತಕ್ಷಣ ಎನ್‌ಎಫ್‌ಸಿಗೆ (ಯೂನಿಕೋಡ್‌ನ ಕೂಡಿಸಿದ ಒಂದೇ ರೂಪ) ತಂದುಬಿಡಿ, ಐಸಿಯುನಲ್ಲೇ ನಾರ್ಮಲೈಸರ್ ಇದೆ.

ಕುಡ್ಲದ_ಕೋಡ್ · 4:41

ಅದಕ್ಕೆ ಐಸಿಯು ಬೇಡ. ಜಾವಾ 6ರಿಂದಲೇ ಜಾವಾ ಟೆಕ್ಸ್ಟ್ ಪ್ಯಾಕೇಜಿನಲ್ಲಿ ನಾರ್ಮಲೈಸರ್ ಉಂಟು, ಎನ್‌ಎಫ್‌ಸಿ ಅದೇ ಮಾಡ್ತದೆ. ಹೊರಗಿನ ಜಾರ್ ತರುವ ಮೊದಲು ಜಾವಾದಲ್ಲೇ ಇದೆಯಾ ಅಂತ ನೋಡುವುದು ಒಳ್ಳೆಯದು.

ಹಳೇ_ನುಡಿ · 4:50

ಎನ್‌ಎಫ್‌ಸಿ ಮಾಡಿದ್ರೂ ಶೂನ್ಯ ಅಗಲದ ಅಕ್ಷರಗಳು ಹಾಗೇ ಉಳೀತವೆ. ಅರ್ಧಾಕ್ಷರದಲ್ಲಿ ಮುಗಿಯೋ ಹೆಸರಿನ ಕೊನೆಗೆ ಝಡ್‌ಡಬ್ಲ್ಯೂಎನ್‌ಜೆ (ಅಕ್ಷರ ಒಂದಕ್ಕೊಂದು ಕೂಡದಂತೆ ತಡೆಯೋ ಗುರುತು) ಅಂಟಿಕೊಂಡಿದ್ರೆ ಕಣ್ಣಿಗೆ ಕಾಣಲ್ಲ, ಟ್ರಿಮ್ ಕೂಡ ತೆಗೆಯಲ್ಲ. ಪದದ ನಡುವೆ ಇದ್ರೆ ಮುಟ್ಟಬೇಡಿ, "ಸಾಫ್ಟ್‌ವೇರ್" ತರದ ಪದಕ್ಕೆ ಅದು ಬೇಕು. ಕೊನೆಯದ್ದನ್ನ ಮಾತ್ರ ತೆಗೀರಿ.

ಎನ್ಆರ್‌ಐ_ನವೀನ · ರಾತ್ರಿ 9:05

ನಮ್ಮಲ್ಲಿ ಈ ಜಾರ್ ಗೋಳೇ ಬೇಡ ಅಂತ ಮೇವನ್ ಶೇಡ್ ಪ್ಲಗಿನ್‌ನಲ್ಲಿ ಎಲ್ಲಾ ಸೇರಿಸಿ ಒಂದೇ ದಪ್ಪ ಜಾರ್ ಮಾಡಿ ಟಾಲೆಂಡ್‌ಗೆ ಕೊಡ್ತೀವಿ. ಒಳಗಿನ ಪ್ಯಾಕೇಜ್ ಹೆಸರನ್ನೂ ರೀಲೊಕೇಟ್ ಮಾಡ್ತೀವಿ, ಅಂದ್ರೆ ಬೇರೆ ಹೆಸರಿಗೆ ಬದಲಿಸ್ತೀವಿ. ಗ್ವಾವಾ ಲೈಬ್ರರಿಯ ಆವೃತ್ತಿ ಜಗಳ ಅಲ್ಲಿಗೆ ಮುಗೀತು.

ಜಾವಾ_ಜಯನಗರ · 9:20

ರೀಲೊಕೇಶನ್ ಒಳ್ಳೆ ಮದ್ದು, ಒಪ್ತೀನಿ. ಆದರೆ ಎಲ್ಲಕ್ಕೂ ಅದನ್ನೇ ಮಾಡಬಾರದು. 2021ರ ಡಿಸೆಂಬರ್‌ನಲ್ಲಿ ಲಾಗ್ ಬರೆಯೋ ಲಾಗ್4ಜೆ ಲೈಬ್ರರಿಯ ಭದ್ರತಾ ದೋಷ ಬಯಲಾದಾಗ ಎಲ್ಲರೂ ಲಿಬ್ ಫೋಲ್ಡರ್‌ಗಳಲ್ಲಿ ಲಾಗ್4ಜೆ ಕೋರ್ ಅಂತ ಫೈಲ್ ಹೆಸರು ಹುಡುಕಿದ್ರು. 2.14.1ರವರೆಗಿನದು ಸಿಕ್ಕಿದ್ರೆ ತಕ್ಷಣ ಬದಲಿಸಿದ್ರು. ದಪ್ಪ ಜಾರ್ ಒಳಗೆ ಕೂತಿದ್ದು ಆ ಹುಡುಕಾಟಕ್ಕೆ ಸಿಗಲೇ ಇಲ್ಲ. ಪ್ರತಿ ಜಾರ್ ಬಿಚ್ಚಿ ದೋಷಕ್ಕೆ ಕಾರಣವಾದ ಜೆಎನ್‌ಡಿಐ ಲುಕಪ್ ಕ್ಲಾಸ್ ಇದೆಯಾ ಅಂತ ನೋಡಬೇಕಾಯ್ತು. ಹೆಸರಲ್ಲಿ ಆವೃತ್ತಿ ಕಾಣೋ ಹಾಗೆ ಬೇರೆಬೇರೆ ಜಾರ್ ಇರೋದ್ರ ಬೆಲೆ ಅವತ್ತು ಗೊತ್ತಾಯ್ತು.

ಎನ್ಆರ್‌ಐ_ನವೀನ · 9:34

ಅದಕ್ಕೆ ಸ್ಕ್ಯಾನರ್ ಇವೆ, ಒಳಗೂ ಇಣುಕಿ ನೋಡ್ತವೆ. ದಿನಾ ಕಾಡೋ ತೊಂದರೆ ಆವೃತ್ತಿಗಳ ಡಿಕ್ಕಿ. ನಾನು ಅದಕ್ಕೇ ಮೊದಲ ಮದ್ದು ಹುಡುಕ್ತೀನಿ.

ಧಾರವಾಡದಾಂವ · 9:41

ಡಿಕ್ಕಿ ಆದಾಗ ಯಾವ ಜಾರಿನಿಂದ ಕ್ಲಾಸ್ ಬಂತು ಅಂತ ಜಾವಾನ್ನ ಕೇಳಿದರ ಅದ ಹೇಳ್ತೈತಿ. ವರ್ಬೋಸ್ ಕೋಲನ್ ಕ್ಲಾಸ್ ಅಂತ ಒಂದು ಆರ್ಗ್ಯುಮೆಂಟ್ ಐತಿ, ಹಾಕಿ ಓಡಸ್ರಿ, ಪ್ರತಿ ಕ್ಲಾಸಿನ ಮುಂದ ಜಾರಿನ ದಾರಿ ಬರೀತೈತಿ. ಊಹಾ ಮಾಡ್ಕೋತ ಕೂಡೋದು ಯಾಕ?

ಸಹ್ಯಾದ್ರಿ_ಸ್ಕ್ರಿಪ್ಟ್ · ಮಂಗಳವಾರ, ಬೆಳಿಗ್ಗೆ 9:30

ಇನ್ನೊಂದು ಕಿರಿಕಿರಿ ಬಗ್ಗೆ ಯಾರೂ ಹೇಳಲಿಲ್ಲ. ಟಾಲೆಂಡ್ 7ರಲ್ಲಿ ಜಾರ್ ಇಂಪೋರ್ಟ್ ಮಾಡಿದ್ರೆ ಅದು ಸ್ಟುಡಿಯೋದ ಒಳಗಿನ ಮೇವನ್ ರೆಪೊಸಿಟರಿಗೆ ಹೋಗುತ್ತೆ, ಆವೃತ್ತಿ 6.0.0-ಸ್ನ್ಯಾಪ್‌ಶಾಟ್ ಅಂತ ತಾನೇ ಹಾಕ್ಕೊಳ್ಳುತ್ತೆ. ನೀವು ತಂದ ಐಸಿಯು ಯಾವ ಆವೃತ್ತಿಯೋ ಏನೋ, ಅಲ್ಲಿ ಮಾತ್ರ ಎಲ್ಲಕ್ಕೂ 6.0.0. ಅದೇ ಹೆಸರಿನ ಹೊಸ ಫೈಲ್ ತಂದಾಗ ಯಾವುದು ಹಳೇದು, ಯಾವುದು ಹೊಸದು ಅಂತ ತಿಳಿಯಲ್ಲ. ಮಾಡ್ಯೂಲ್ಸ್ ವ್ಯೂನಲ್ಲಿ ಕಸ್ಟಮ್ ಎಂವಿಎನ್ ಯುಆರ್‌ಐ (ಜಾರಿನ ಮೇವನ್ ವಿಳಾಸ) ಕೊಡೋಕೆ ಜಾಗ ಇದೆ. ನಿಜವಾದ ಆವೃತ್ತಿ ಅಲ್ಲಿ ಬರೆದುಬಿಡಿ.

ತುಂಗಾ_ತಂತ್ರ · 9:50

ಅದಕ್ಕಿಂತ ದೊಡ್ಡದು, ಜಾರ್ ನಿಮ್ಮ ಯಂತ್ರದಲ್ಲಿ ಮಾತ್ರ ಇರುತ್ತೆ. ಪಕ್ಕದ ಮೇಜಿನವರು ಅದೇ ಪ್ರಾಜೆಕ್ಟ್ ತೆಗೆದ್ರೆ ಕೆಂಪು ಗುರುತು. ಲೈಬ್ರರಿ ಹಂಚಿಕೊಳ್ಳೋಕೆ ನೆಕ್ಸಸ್ (ಜಾರ್‌ಗಳ ಕೇಂದ್ರ ಸಂಗ್ರಹ) ಜೋಡಣೆ ಇದ್ದದ್ದು ಹಣ ಕೊಡೋ ಆವೃತ್ತಿಯಲ್ಲಿ. ಓಪನ್ ಸ್ಟುಡಿಯೋ ಬಳಸೋರು ಗಿಟ್‌ನಲ್ಲಿ ಒಂದು ಫೋಲ್ಡರ್ ಮಾಡಿ ಜಾರ್‌ಗಳನ್ನ ಇಟ್ಟು, ಪಕ್ಕದಲ್ಲಿ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಹೆಸರು, ಆವೃತ್ತಿ, ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚು ಇದ್ದ ಹಾಗೆ), ಯಾವ ಜಾಬಿಗೆ ಬೇಕು ಅಂತ ಬರೆದಿಡಿ. ಇಷ್ಟು ಮಾಡದೆ ಬಿಟ್ಟ ಪ್ರಾಜೆಕ್ಟನ್ನ ಇನ್ನೊಬ್ಬರ ಕೈಗೆ ಕೊಡೋದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಜಾಬ್ ಬರೆದೋರು ಕೆಲಸ ಬಿಟ್ಟು ಹೋದ ಮೇಲೆ ಆ ಜಾರ್ ಎಲ್ಲಿಂದ ಬಂತು ಅಂತ ಹುಡುಕೋರ ಪಾಡು ನಾನು ಹತ್ತಿರದಿಂದ ನೋಡಿದ್ದೀನಿ.

ಹೊಸಬ_ಹೊನ್ನಾವರ · 10:14

ಓಪನ್ ಸ್ಟುಡಿಯೋ ನಿಂತುಹೋಯ್ತು ಅಂತ ಕೇಳಿದ್ದೆ. ಇನ್ನೂ ಬಳಸಬಹುದಾ?

ಬೈಟ್_ಬಸವಣ್ಣ · 10:20

ಕ್ಲಿಕ್ ಕಂಪನಿ 2023ರಲ್ಲಿ ಟಾಲೆಂಡ್ ಕೊಂಡ್ಕೊಂಡಿತು. 2024ರ ಜನವರಿ 31ಕ್ಕೆ ಓಪನ್ ಸ್ಟುಡಿಯೋ ನಿಲ್ಲಿಸಿದ್ರು. ಇಳಿಸಿಕೊಂಡಿದ್ದು ಓಡುತ್ತೆ, ದುರಸ್ತಿ ಬರಲ್ಲ. ಸಮುದಾಯದವರು ಟಾಲಾಕ್ಸಿ ಅಂತ ಒಂದು ಕವಲು ಮುಂದುವರಿಸ್ತಿದ್ದಾರೆ.

ಎನ್ಆರ್‌ಐ_ನವೀನ · 10:45

ಹೊಸದಾಗಿ ಶುರು ಮಾಡೋರು ಇದೇ ಕೆಲಸ ಮಾಡೋ ಅಪಾಚೆ ಹಾಪ್ ನೋಡಿ. ಪೆಂಟಾಹೋ ಅನ್ನೋ ಡೇಟಾ ಟೂಲ್‌ನ ಕೆಟಲ್‌ನಿಂದ ಕವಲೊಡೆದದ್ದು, 2021ರ ಕೊನೆಗೆ ಅಪಾಚೆಯ ಪೂರ್ಣ ಪ್ರಾಜೆಕ್ಟ್ ಆಯ್ತು. ಡ್ರೈವರ್‌ಗೆ ಲಿಬ್ ಒಳಗೆ ಜೆಡಿಬಿಸಿ ಅಂತ ಬೇರೆ ಫೋಲ್ಡರೇ ಇದೆ. ಇನ್‌ಸ್ಟಾಲ್ ಮಾಡಿದ ಫೋಲ್ಡರ್ ಮುಟ್ಟದೆ ಹೊರಗಿನ ಜಾಗವನ್ನ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲೂ ಹೇಳಬಹುದು.

ಧಾರವಾಡದಾಂವ · 11:02

ಪೆಂಟಾಹೋ ಇನ್ನೂ ನಾವು ಓಡಸ್ತೀವ್ರಿ. ಅಲ್ಲಿ ಡೇಟಾ ಇಂಟಿಗ್ರೇಷನ್ ಫೋಲ್ಡರಿನ ಲಿಬ್‌ನಾಗ ಜಾರ್ ಇಟ್ಟು ಸ್ಪೂನ್ (ಜಾಬ್ ಕಟ್ಟೋ ಪರದಿ) ಬಂದ್ ಮಾಡಿ ಮತ್ತ ಶುರು ಮಾಡಬೇಕು. ಸ್ಪೂನ್ ತಗದಿದ್ದಾಗ ಜಾರ್ ಇಟ್ಟರ ಅದಕ್ಕ ಕಾಣೂದಿಲ್ಲ. ಇನ್ನೊಂದು, ನಿಮ್ಮ ಲ್ಯಾಪ್‌ಟಾಪಿನಾಗ ಇಟ್ಟು ಪೆಂಟಾಹೋದ ಕಾರ್ಟೆ ಸರ್ವರ್ ಮ್ಯಾಲೆ ಓಡಿಸಿದರ ನಡಿಯಂಗಿಲ್ಲ. ಕಾರ್ಟೆ ಇರೋ ಯಂತ್ರದ ಲಿಬ್‌ನಾಗೂ ಅದ ಜಾರ್ ಬೇಕು.

ಹೊಸಬ_ಹೊನ್ನಾವರ · 11:10

ಸರ್, ಪೆಂಟಾಹೋದಲ್ಲಿ ಯೂಸರ್ ಡಿಫೈನ್ಡ್ ಜಾವಾ ಕ್ಲಾಸ್ ಸ್ಟೆಪ್‌ನಲ್ಲಿ ನಾನು ಲಿಸ್ಟ್ ಬರೆದು ಮುಂದೆ ಆ್ಯಂಗಲ್ ಬ್ರಾಕೆಟ್‌ನಲ್ಲಿ ಸ್ಟ್ರಿಂಗ್ ಅಂತ ಹಾಕಿದ್ರೆ ಕಂಪೈಲ್ ಆಗ್ತಿಲ್ಲ. ಜಾರ್ ಸರಿಯಾಗೇ ಇದೆ.

ಧಾರವಾಡದಾಂವ · 11:18

ಅದು ಜಾರಿನ ತಪ್ಪಲ್ಲ. ಆ ಸ್ಟೆಪ್ ಜಾನಿನೋ ಅನ್ನೋ ಸಣ್ಣ ಕಂಪೈಲರ್ ಬಳಸ್ತೈತಿ, ಅದಕ್ಕ ಜೆನೆರಿಕ್ಸ್ ನಡಿಯಂಗಿಲ್ಲ. ಬರೇ ಲಿಸ್ಟ್ ಅಂತ ಬರೀರಿ, ತಗೊಳ್ಳೋವಾಗ ಸ್ಟ್ರಿಂಗ್‌ಗೆ ಕಾಸ್ಟ್ ಮಾಡ್ರಿ. ಕೋಡ್ ದೊಡ್ಡದಿದ್ದರ ಹೊರಗ ಪೂರಾ ಜಾವಾದಾಗ ಬರದು, ಕಂಪೈಲ್ ಮಾಡಿ, ನಿಮ್ಮದ ಜಾರ್ ಲಿಬ್‌ನಾಗ ಹಾಕಿ, ಸ್ಟೆಪ್‌ನಿಂದ ಒಂದ ಮೆಥಡ್ ಕರೀರಿ. ಟೆಸ್ಟ್ ಬರಿಯೋದಕ್ಕೂ ಹಗುರ.

ಕುಡ್ಲದ_ಕೋಡ್ · 11:40

ಅಪಾಚೆ ನೈಫೈ ಎನ್ನುವ ಡೇಟಾ ಟೂಲಿನಲ್ಲಿ ಈ ಜಾರ್ ಡಿಕ್ಕಿಯ ವಿಷಯವನ್ನು ಚಂದ ಮಾಡಿದ್ದಾರೆ. ಪ್ರತಿ ಎನ್‌ಎಆರ್ ಕಟ್ಟಿಗೂ (ನೈಫೈಯ ಪ್ಲಗಿನ್ ಫೈಲು) ಬೇರೆ ಕ್ಲಾಸ್‌ಲೋಡರ್, ಒಂದರ ಪಿಒಐ ಇನ್ನೊಂದಕ್ಕೆ ತಾಗುವುದಿಲ್ಲ. ಡಿಬಿಸಿಪಿ ಕನೆಕ್ಷನ್ ಪೂಲ್‌ನಲ್ಲಿ ಡ್ರೈವರ್ ಎಲ್ಲಿದೆ ಎನ್ನುವ ದಾರಿಯನ್ನು ನೇರವಾಗಿ ಕೊಡಬಹುದು. ಕ್ಲಸ್ಟರ್ ಇದ್ರೆ ಮಾತ್ರ ಎಲ್ಲ ನೋಡ್‌ಗಳಲ್ಲೂ ಅದೇ ದಾರಿಯಲ್ಲಿ ಫೈಲ್ ಇರಬೇಕು.

ಸಹ್ಯಾದ್ರಿ_ಸ್ಕ್ರಿಪ್ಟ್ · 11:52

ಡ್ರೈವರ್ ಮಾತು ಬಂತಲ್ಲ, ಇದೊಂದು ಹೇಳಿ. ಪೋಸ್ಟ್‌ಗ್ರೆಸ್ ಡ್ರೈವರ್ ಹಾಪ್ ತರದ ಟೂಲ್‌ಗಳ ಜೊತೆಗೇ ಬರುತ್ತೆ, ಮೈಎಸ್‌ಕ್ಯೂಎಲ್ ಮಾತ್ರ ನಾವೇ ಇಳಿಸಿಕೊಳ್ಳಬೇಕು. ಯಾಕೆ ಹೀಗೆ?

ಜಾವಾ_ಜಯನಗರ · 12:08

ಪರವಾನಗಿ ಕಾರಣ. ಮೈಎಸ್‌ಕ್ಯೂಎಲ್ ಕನೆಕ್ಟರ್ ಜಿಪಿಎಲ್ ಅನ್ನೋ ಬಿಗಿ ಪರವಾನಗಿ ಅಡಿ ಇದೆ. ಅಪಾಚೆ ಪ್ರಾಜೆಕ್ಟ್‌ಗಳು ಜಿಪಿಎಲ್ ಕೋಡನ್ನ ತಮ್ಮ ಕಟ್ಟಿನಲ್ಲಿ ಹಂಚಲ್ಲ. ಪೋಸ್ಟ್‌ಗ್ರೆಸ್ ಡ್ರೈವರ್ ಬಿಎಸ್‌ಡಿ ಅನ್ನೋ ಸಡಿಲ ಪರವಾನಗಿಯದ್ದು, ಅದಕ್ಕೆ ತೊಡಕಿಲ್ಲ. ಒರಾಕಲ್ ಡ್ರೈವರ್ ಮೊದಲು ಲಾಗಿನ್ ಮಾಡಿ ಇಳಿಸಬೇಕಿತ್ತು, 2019ರಿಂದ ಮೇವನ್ ಸೆಂಟ್ರಲ್‌ನಲ್ಲೇ ಸಿಗುತ್ತೆ.

ಮೈಎಸ್‌ಕ್ಯೂಎಲ್ ಇಳಿಸುವಾಗ ಹೆಸರು ಗಮನಿಸಿ. 8.0.31ರಿಂದ ಜಾರಿನ ಹೆಸರಲ್ಲಿ ಕನೆಕ್ಟರ್ ಜಾವಾ ಹೋಗಿ ಕನೆಕ್ಟರ್ ಜೆ ಆಗಿದೆ. ಲಿಬ್‌ನಲ್ಲಿ ಹಳೇದು ಹಾಗೇ ಉಳಿದು ಹೊಸದೂ ಬಂದ್ರೆ, ಹೆಸರು ಬೇರೆ ಆದ್ದರಿಂದ ಒಂದರ ಮೇಲೊಂದು ಕೂರಲ್ಲ, ಎರಡೂ ಇರ್ತವೆ. ಡ್ರೈವರ್ ಕ್ಲಾಸಿನ ಹೆಸರಿಗೂ 8ರಲ್ಲಿ ನಡುವೆ ಸಿಜೆ ಸೇರಿದೆ. ಹಳೇ ಕನೆಕ್ಷನ್ ಸೆಟ್ಟಿಂಗ್‌ನಲ್ಲಿ ಕೈಯಿಂದ ಬರೆದಿದ್ರೆ ಅದನ್ನೂ ತಿದ್ದಿ.

ಹೇಮಾವತಿ_ತೀರ · 12:30

ನಮ್ಮ ಲಿಬ್‌ನಲ್ಲಿ ಎರಡೂ ಇವೆ, ಈಗಷ್ಟೇ ನೋಡಿದೆ. ಹಳೇದನ್ನ ತೆಗೆಯೋ ಮೊದಲು ಬೇರೆ ಜಾಬ್ ಯಾವುದಾದ್ರೂ ಅದನ್ನೇ ನಂಬಿದೆಯಾ ಅಂತ ತಿಳಿಯೋದು ಹೇಗೆ?

ಧಾರವಾಡದಾಂವ · 12:37

ಎಲ್ಲಾ ಜಾಬಿನ ಶೆಲ್ ಫೈಲಿನಾಗ ಆ ಜಾರಿನ ಹೆಸರು ಗ್ರೆಪ್ ಕಮಾಂಡಿನಿಂದ ಹುಡುಕ್ರಿ. ಯಾವ ಜಾಬಿನಾಗ ಸಿಗ್ತೈತಿ, ಅದನ್ನ ಸ್ಟುಡಿಯೋದಾಗ ತಗದು ಹೊಸಾ ಡ್ರೈವರಿಗೆ ಬದಲ ಮಾಡಿ ಮತ್ತ ಬಿಲ್ಡ್ ಮಾಡ್ರಿ. ಎಲ್ಲಾ ಮುಗಿಯೋ ತನಕ ಹಳೇ ಜಾರ್ ಅಲ್ಲೇ ಇರಲಿ.